ಯಲ್ಲಾಪ್ರಗಡ ಸುಬ್ಬರಾವ್

ಉಡುಪಿಯಿಂದ ಮಂಗಳೂರಿನ ಕಡೆಗೆ ಹೋಗುವ ದಾರಿಯಲ್ಲಿ ಕಾಪು ಎಂಬ ಊರಿದೆ. ಅಲ್ಲಿಯ ಕಡಲ ತೀರದ ಹೆಬ್ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವೊಂದು ನಿಂತಿದೆ. ಇರುಳು ಕವಿದೊಡನೆ ಅದರ ಬೆಳಕು ಕ್ರಮ ತಪ್ಪದೆ ಬೆಳಗುತ್ತದೆ, ಮರೆಯಾಗುತ್ತದೆ, ಮತ್ತೆ ಬೆಳಗುತ್ತದೆ. ಕಡಲಿಗಿಳಿದ ಮೀನುಗಾರರು ಆ ಕ್ರಮವನ್ನು ನೋಡಿಯೇ ಅದು ಕಾಪುವಿನ ದೀಪವೆಂದು ಗುರುತಿಸಿ ತಮ್ಮ ದೋಣಿಗಳನ್ನು ದಡದ ಕಡೆಗೆ ನಡೆಸುತ್ತಾರೆ. ಅವರಿಗೆ ಬೆಳಕು ಎಷ್ಟು ಮುಖ್ಯವೋ, ಎರಡು ಬೆಳಕುಗಳ ನಡುವಣ ಕತ್ತಲೆಯೂ ಅಷ್ಟೇ ಮುಖ್ಯ.

ಮನುಷ್ಯನ ದೇಹವೂ ಇಂತಹ ಸಂಕೇತಗಳಿಂದಲೇ ನಡೆಯುತ್ತದೆ. ದೇಹದ ಒಂದು ಭಾಗದಲ್ಲಿ ಗಾಯವಾದರೆ, ಅಲ್ಲಿಯ ಜೀವಕೋಶಗಳಿಗೆ ವಿಭಜನೆಗೊಂಡು ವೃದ್ಧಿಯಾಗಬೇಕೆಂಬ ಸಂಕೇತ ದೊರೆಯುತ್ತದೆ. ಗಾಯ ಮಾಯ್ದ ಮೇಲೆ ಆ ಸಂಕೇತ ನಿಲ್ಲುತ್ತದೆ. ನಿಲ್ಲಬೇಕಾದ ಸಂಕೇತ ನಿಲ್ಲದೆ ಹೋದರೆ ಜೀವಕೋಶಗಳು ಅಂಕೆಯಿಲ್ಲದೆ ಹೆಚ್ಚತೊಡಗುತ್ತವೆ. ಕ್ಯಾನ್ಸರ್ ಎಂಬ ಭಯಂಕರ ವ್ಯಾಧಿಯ ಮೂಲಗಳಲ್ಲಿ ಇದು ಪ್ರಮುಖವಾದುದು. ಜೀವಕೋಶದೊಳಗೆ ಈ ಸಂಕೇತಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಮುಟ್ಟಿಸುವ ಕೆಲಸ ಕೆಲವು ಕಿಣ್ವಗಳದು. ಆ ಕಿಣ್ವಗಳಿಗೆ ಅತ್ಯಾವಶ್ಯಕವಾದ ಒಂದು ವಸ್ತುವನ್ನು ಮೊಟ್ಟಮೊದಲು ಕಂಡವರಲ್ಲಿ ಒಬ್ಬರು ಭಾರತೀಯರು. ಕ್ಯಾನ್ಸರಿನ ವಿರುದ್ಧ ಮನುಷ್ಯನ ಕೈಗೆ ಬಂದ ಮೊದಲ ಔಷಧಿಗಳಲ್ಲಿ ಒಂದನ್ನು ಸಿದ್ಧಪಡಿಸಿಕೊಟ್ಟವರೂ ಅವರೇ. ಆ ಮಹನೀಯರ ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾಯರು 1895ರ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರಂನಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಂದಿ ಮಕ್ಕಳ ದೊಡ್ಡ ಸಂಸಾರ. ಸಣ್ಣ ಸಂಬಳದ ತಂದೆ. ಹುಡುಗನಿಗೆ ಓದಿನಲ್ಲಿ ಮೊದಮೊದಲು ಆಸಕ್ತಿಯಿರಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಆತನು ಮನೆಬಿಟ್ಟು ಹೊರಟನು. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಯ ಹಣ್ಣು ಮಾರಿ ಹಣ ಗಳಿಸಬೇಕೆಂಬುದು ಆತನ ಹಂಚಿಕೆ. ತಾಯಿ ವೆಂಕಮ್ಮನವರು ಮಗನನ್ನು ಹುಡುಕಿಸಿ ಮನೆಗೆ ಕರೆತಂದು ಮತ್ತೆ ಶಾಲೆಗೆ ಕಳುಹಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸುಬ್ಬರಾಯರು ಎರಡು ಸಲ ಅನುತ್ತೀರ್ಣರಾದರು. ಮೂರನೆಯ ಸಲ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಕುಳಿತು ತೇರ್ಗಡೆ ಹೊಂದಿದರು. ಮುಂದೆ ಜಗತ್ತಿನ ಮೇಧಾವಿಗಳ ಸಾಲಿನಲ್ಲಿ ನಿಂತ ವ್ಯಕ್ತಿಯ ವಿದ್ಯಾರ್ಥಿ ಜೀವನವು ಹೀಗೆ ಎಡವುತ್ತಲೇ ಆರಂಭವಾಯಿತು.

ಯೌವನದಲ್ಲಿ ಸುಬ್ಬರಾಯರ ಮನಸ್ಸು ವೈರಾಗ್ಯದ ಕಡೆಗೆ ಒಲಿಯಿತು. ರಾಮಕೃಷ್ಣ ಮಿಷನ್ನನ್ನು ಸೇರಿ ಸಂನ್ಯಾಸಿಯಾಗಬೇಕೆಂದು ಅವರು ಬಯಸಿದರು. ತಾಯಿ ಅದಕ್ಕೆ ಒಪ್ಪಲಿಲ್ಲ. ತಾಯಿಯ ಒಪ್ಪಿಗೆಯಿಲ್ಲದೆ ಆಶ್ರಮದವರೂ ಅವರನ್ನು ಸೇರಿಸಿಕೊಳ್ಳಲಿಲ್ಲ. ರೋಗಿಗಳ ಸೇವೆಯೂ ದೇವರ ಸೇವೆಯೇ ಎಂಬ ಭಾವನೆಯಿಂದ ಸುಬ್ಬರಾಯರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಆ ಕಾಲದಲ್ಲಿ ಉಡುಪಿ, ಕಾರ್ಕಳಗಳನ್ನು ಒಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯೂ ಗೋದಾವರಿ ಸೀಮೆಯಂತೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಆದುದರಿಂದ ಪಶ್ಚಿಮ ಕರಾವಳಿಯ ತರುಣರೂ ವೈದ್ಯಶಾಸ್ತ್ರ ಕಲಿಯಲು ಆ ಕಾಲೇಜಿಗೇ ಹೋಗುತ್ತಿದ್ದರು. ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಹುಟ್ಟಿದ ಟಿ. ಎಂ. ಎ. ಪೈ ಅವರು 1925ರಲ್ಲಿ ಅಲ್ಲಿಂದಲೇ ವೈದ್ಯ ಪದವಿ ಪಡೆದು ಹೊರಬಂದರು.

ಅದು ಮಹಾತ್ಮ ಗಾಂಧಿಯವರ ಕರೆಗೆ ದೇಶವೇ ಓಗೊಡುತ್ತಿದ್ದ ಕಾಲ. ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ತೊಡುವ ನಿಲುವಂಗಿಯನ್ನೂ ಖಾದಿಯಲ್ಲಿಯೇ ಹೊಲಿಸಿಕೊಂಡರು. ಆಂಗ್ಲ ಪ್ರಾಧ್ಯಾಪಕರೊಬ್ಬರಿಗೆ ಇದು ಸರಿಬೀಳಲಿಲ್ಲ. ಉತ್ತರಪತ್ರಿಕೆಗಳನ್ನು ಚೆನ್ನಾಗಿ ಬರೆದಿದ್ದರೂ ಸುಬ್ಬರಾಯರಿಗೆ ಎಂ.ಬಿ.ಬಿ.ಎಸ್. ಪದವಿ ದೊರೆಯಲಿಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ಕೈಸೇರಿತು. ಸರ್ಕಾರಿ ವೈದ್ಯಸೇವೆಯ ಬಾಗಿಲು ಅವರಿಗೆ ಮುಚ್ಚಿತು. ಅವರು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾಗಿ ಸೇರಿಕೊಂಡರು.

ಇದೇ ಕಾಲದಲ್ಲಿ ಅವರ ಮನೆಯ ಮೇಲೆ ಸಿಡಿಲೆರಗಿತು. ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರನ್ನು ಬಲಿತೆಗೆದುಕೊಂಡುದು ಸಂಗ್ರಹಣಿ ರೋಗ. ಈ ರೋಗ ಬಂದವರಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ, ರಕ್ತ ತಿಳಿಯಾಗುತ್ತದೆ, ದೇಹ ದಿನದಿನಕ್ಕೆ ಸೊರಗಿ ಕಡೆಗೆ ಬಿದ್ದುಹೋಗುತ್ತದೆ. ಸುಬ್ಬರಾಯರಿಗೂ ಆ ರೋಗ ತಗಲಿ, ಆಯುರ್ವೇದ ಚಿಕಿತ್ಸೆಯಿಂದ ಅವರು ಹೇಗೋ ಬದುಕಿ ಉಳಿದರು. ಸ್ವತಃ ವೈದ್ಯರಾಗಿದ್ದೂ ಸೋದರರ ಸಾವನ್ನು ಕೈಕಟ್ಟಿ ನೋಡಬೇಕಾಯಿತೆಂಬ ನೋವು ಅವರನ್ನು ಜೀವಮಾನವೆಲ್ಲ ಬಿಡಲಿಲ್ಲ. ಈ ರೋಗಕ್ಕೆ ಮದ್ದನ್ನು ಕಂಡುಹಿಡಿಯಬೇಕೆಂಬ ಹಟ ಅವರಲ್ಲಿ ಬೇರೂರಿತು.

1920ರ ದಶಕದ ಮೊದಲ ವರ್ಷಗಳಲ್ಲಿ ಸುಬ್ಬರಾಯರು ಅಮೆರಿಕಕ್ಕೆ ಪ್ರಯಾಣ ಬೆಳೆಸಿದರು. ಹೆಂಡತಿಯ ತಂದೆ ನೀಡಿದ ನೆರವು ಮತ್ತು ಒಂದು ಧರ್ಮಸಂಸ್ಥೆಯ ಸಹಾಯ ಅವರ ದಾರಿಯ ಖರ್ಚಿಗೆ ಒದಗಿತು. ಬಾಸ್ಟನ್ ನಗರದಲ್ಲಿಳಿದಾಗ ಅವರ ಜೇಬು ಬರಿದಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣವಲಯದ ರೋಗಗಳನ್ನು ಕುರಿತು ವ್ಯಾಸಂಗ ಮಾಡುತ್ತ, ಹೊಟ್ಟೆಪಾಡಿಗಾಗಿ ರಾತ್ರಿಯ ಹೊತ್ತು ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸವನ್ನು ಮಾಡಿದರು. ವೈದ್ಯನಾದವನು ಇಂತಹ ಕೆಲಸ ಮಾಡುವುದೇ ಎಂಬ ಸಂಕೋಚ ಅವರಿಗೆ ಬರಲಿಲ್ಲ. ಊರಿನಲ್ಲಿ ಹೆಂಡತಿ ಶೇಷಗಿರಿಯವರು ಅವರ ಬರವನ್ನು ಕಾಯುತ್ತಿದ್ದರು. ಅವರ ಮಗು ಶೈಶವದಲ್ಲಿಯೇ ತೀರಿಕೊಂಡಾಗ ತಂದೆ ಸಾಗರದಾಚೆ ಇದ್ದರು. ಕೆಲವು ವರ್ಷಗಳಲ್ಲಿ ಹಿಂತಿರುಗುವೆನೆಂದು ಹೊರಟವರು ತಾಯ್ನಾಡನ್ನು ಮತ್ತೆ ಕಾಣಲೇ ಇಲ್ಲ.

ಹಾರ್ವರ್ಡಿನಲ್ಲಿ ಸುಬ್ಬರಾಯರು ಸೈರಸ್ ಫಿಸ್ಕೆ ಎಂಬ ಜೀವರಸಾಯನ ವಿಜ್ಞಾನಿಯ ಪ್ರಯೋಗಶಾಲೆಯನ್ನು ಸೇರಿದರು. ರಕ್ತದಲ್ಲಿ ಮತ್ತು ಮಾಂಸಖಂಡಗಳಲ್ಲಿ ಇರುವ ರಂಜಕದ ಪ್ರಮಾಣವನ್ನು ಅಳೆಯುವುದು ಆಗ ಬಲು ತೊಡಕಿನ ಕೆಲಸವಾಗಿತ್ತು. ಇವರಿಬ್ಬರೂ ಅದಕ್ಕೊಂದು ಸುಲಭವಾದ ಉಪಾಯವನ್ನು ಕಂಡುಹಿಡಿದರು. ಪರೀಕ್ಷಿಸಬೇಕಾದ ದ್ರವಕ್ಕೆ ತಕ್ಕ ರಾಸಾಯನಿಕಗಳನ್ನು ಬೆರೆಸಿದರೆ ಅದು ನೀಲಿ ಬಣ್ಣಕ್ಕೆ ತಿರುಗುತ್ತದೆ. ರಂಜಕ ಹೆಚ್ಚಾಗಿದ್ದಷ್ಟೂ ನೀಲಿ ಗಾಢವಾಗುತ್ತದೆ. ಬಣ್ಣದ ಗಾಢತೆಯನ್ನು ಅಳೆದರೆ ರಂಜಕದ ಪ್ರಮಾಣ ತಿಳಿಯುತ್ತದೆ. 1925ರಲ್ಲಿ ಪ್ರಕಟವಾದ ಈ ಕ್ರಮವು ಫಿಸ್ಕೆ–ಸುಬ್ಬರಾವ್ ವಿಧಾನವೆಂದು ಹೆಸರಾಯಿತು. ಜೀವರಸಾಯನ ಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಇಂದಿಗೂ ಅದು ಪರಿಚಿತ.

ಈ ಅಳತೆಗೋಲನ್ನು ಹಿಡಿದು ಅವರು ಮಾಂಸಖಂಡದ ರಹಸ್ಯವನ್ನು ಶೋಧಿಸತೊಡಗಿದರು. ನಡೆಯಲು, ಓಡಲು, ಭಾರ ಎತ್ತಲು ಬೇಕಾದ ಶಕ್ತಿ ಸ್ನಾಯುವಿಗೆ ಎಲ್ಲಿಂದ ಒದಗುತ್ತದೆ? ಅದು ಲ್ಯಾಕ್ಟಿಕ್ ಆಮ್ಲದಿಂದ ಬರುತ್ತದೆಂಬುದು ಆಗ ವಿದ್ವಾಂಸರು ಒಪ್ಪಿದ್ದ ಮಾತು. ಫಿಸ್ಕೆ ಮತ್ತು ಸುಬ್ಬರಾಯರು 1927ರಲ್ಲಿ ಫಾಸ್ಫೊಕ್ರಿಯಾಟಿನ್ ಎಂಬ ರಂಜಕಯುಕ್ತ ವಸ್ತುವನ್ನು ಸ್ನಾಯುವಿನಲ್ಲಿ ಕಂಡರು. 1929ರಲ್ಲಿ ಅಡಿನೋಸಿನ್ ಟ್ರೈಫಾಸ್ಫೇಟ್, ಎಂದರೆ ಎ.ಟಿ.ಪಿ., ಎಂಬ ವಸ್ತುವನ್ನು ಬೇರ್ಪಡಿಸಿದರು. ಜರ್ಮನಿಯ ಕಾರ್ಲ್ ಲೋಮನ್ ಅವರೂ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಕಂಡುಹಿಡಿದರು. ಹಳೆಯ ಸಿದ್ಧಾಂತ ಕುಸಿದುಬಿತ್ತು. ಎ.ಟಿ.ಪಿ.ಯ ಕಣದಲ್ಲಿ ಮೂರು ಫಾಸ್ಫೇಟುಗಳು ಸಾಲಾಗಿ ಕೂಡಿಕೊಂಡಿರುತ್ತವೆ. ತುದಿಯ ಫಾಸ್ಫೇಟು ಕಳಚಿಕೊಂಡಾಗ ಹೊಮ್ಮುವ ಶಕ್ತಿಯಿಂದ ಜೀವಕೋಶದ ಕೆಲಸಗಳು ನಡೆಯುತ್ತವೆ. ಸಂತೆಯ ವ್ಯವಹಾರಕ್ಕೆ ನಾಣ್ಯ ಹೇಗೋ ಹಾಗೆ ಜೀವಕೋಶದ ವ್ಯವಹಾರಕ್ಕೆ ಎ.ಟಿ.ಪಿ. ಆಧಾರವಾಗಿದೆ.

1930ರಲ್ಲಿ ಸುಬ್ಬರಾಯರಿಗೆ ಡಾಕ್ಟರೇಟ್ ಪದವಿ ಲಭಿಸಿತು. ಆದರೆ ಇಷ್ಟೆಲ್ಲ ಸಾಧಿಸಿದ ವ್ಯಕ್ತಿಗೆ ಹಾರ್ವರ್ಡ್ ಕಾಯಂ ಪ್ರಾಧ್ಯಾಪಕ ಹುದ್ದೆಯನ್ನು ಕೊಡಲಿಲ್ಲ. ತಮ್ಮ ಸಾಧನೆಯನ್ನು ಹೇಳಿಕೊಳ್ಳುವ ಅಭ್ಯಾಸ ಸುಬ್ಬರಾಯರಿಗಿರಲಿಲ್ಲ. ಸಹೋದ್ಯೋಗಿಗಳನ್ನು ಮುಂದೆ ಬಿಟ್ಟು ತಾವು ಹಿಂದೆ ಉಳಿಯುವುದು ಅವರ ಸ್ವಭಾವ. 1940ರಲ್ಲಿ ಅವರು ಹಾರ್ವರ್ಡನ್ನು ತೊರೆದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಪ್ರಯೋಗಶಾಲೆಗೆ ಸೇರಿದರು. ಮುಂದೆ ಅಲ್ಲಿಯ ಸಂಶೋಧನ ವಿಭಾಗದ ನಿರ್ದೇಶಕರಾದರು. ಅವರ ಬದುಕಿಗೆ ಉಳಿದಿದ್ದುದು ಇನ್ನು ಎಂಟೇ ವರ್ಷ. ಆ ಅಲ್ಪಾವಧಿಯಲ್ಲಿ ಅವರು ಮತ್ತು ಅವರ ಸಂಗಡಿಗರು ಮಾಡಿದ ಕೆಲಸವು ಒಂದು ತಲೆಮಾರಿನ ಕೆಲಸಕ್ಕೆ ಸಮ.

ಅವರ ಮನಸ್ಸು ಮಾತ್ರ ಸೋದರರನ್ನು ಕೊಂದ ಸಂಗ್ರಹಣಿಯನ್ನು ಮರೆತಿರಲಿಲ್ಲ. ಇಂಗ್ಲೆಂಡಿನ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಯ ಗರ್ಭಿಣಿಯರ ರಕ್ತಹೀನತೆಯು ಯೀಸ್ಟಿನ ಸಾರದಿಂದ ಗುಣವಾಗುವುದನ್ನು 1931ರಲ್ಲಿ ತೋರಿಸಿಕೊಟ್ಟಿದ್ದರು. ಆ ಸಾರದಲ್ಲಿ ಅಡಗಿದ್ದ ಜೀವಸತ್ವವೇ ಫೋಲಿಕ್ ಆಮ್ಲ. ಹಸುರು ಸೊಪ್ಪಿನಲ್ಲಿಯೂ ಅದು ಉಂಟು. ಸುಬ್ಬರಾಯರ ಮೇಲ್ವಿಚಾರಣೆಯಲ್ಲಿ ಲೆಡರ್ಲಿಯ ರಸಾಯನ ವಿಜ್ಞಾನಿಗಳು 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಸಂಗ್ರಹಣಿಯಿಂದ ಉಂಟಾಗುವ ರಕ್ತಹೀನತೆಗೆ ಅದು ಮದ್ದಾಯಿತು. ಸೋದರರ ಸಾವಿನ ದಿನ ತೊಟ್ಟ ಹಟ ಎರಡು ದಶಕಗಳ ಮೇಲೆ ಈಡೇರಿತು. ಅದರ ಫಲ ಅವರ ಮನೆಯವರಿಗೆ ಒದಗದಿದ್ದರೂ ಜಗತ್ತಿನ ಮನೆಮನೆಗಳಿಗೆ ಒದಗಿತು.

ಇದೇ ಫೋಲಿಕ್ ಆಮ್ಲವು ಅವರನ್ನು ಕ್ಯಾನ್ಸರಿನ ಸಂಶೋಧನೆಗೆ ಕರೆದೊಯ್ದಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ರಕ್ತದ ಕ್ಯಾನ್ಸರಿಗೆ ತುತ್ತಾದ ಎಳೆಯ ಮಕ್ಕಳು ಕೆಲವೇ ವಾರಗಳಲ್ಲಿ ಸಾಯುತ್ತಿದ್ದುದನ್ನು ಅವರು ದಿನವೂ ನೋಡುತ್ತಿದ್ದರು. ಆ ರೋಗಕ್ಕೆ ಆಗ ಚಿಕಿತ್ಸೆಯೇ ಇರಲಿಲ್ಲ. ಫೋಲಿಕ್ ಆಮ್ಲದ ಜಾತಿಯ ವಸ್ತುಗಳನ್ನು ಕೊಟ್ಟಾಗ ರೋಗ ಇಳಿಯುವುದಕ್ಕೆ ಬದಲಾಗಿ ಉಲ್ಬಣಿಸಿದಂತೆ ಅವರಿಗೆ ತೋರಿತು. ಹಾಗಾದರೆ ರೋಗಗ್ರಸ್ತ ಜೀವಕೋಶಗಳ ವೃದ್ಧಿಗೆ ಫೋಲಿಕ್ ಆಮ್ಲವೇ ಆಹಾರವಾಗಿರಬೇಕು. ಅದನ್ನು ತಡೆದರೆ ವೃದ್ಧಿಯೂ ನಿಲ್ಲಬೇಕು. ಇಂತಹ ತಡೆಯೊಡ್ಡುವ ವಸ್ತುಗಳನ್ನು ಸುಬ್ಬರಾಯರ ತಂಡ ಸಿದ್ಧಪಡಿಸಿ ಫಾರ್ಬರ್ ಅವರಿಗೆ ಕಳುಹಿಸಿತು. ಅವುಗಳಲ್ಲಿ ಅಮೈನಾಪ್ಟೆರಿನ್ ಒಂದು.

ಅಮೈನಾಪ್ಟೆರಿನ್ನಿನ ರಚನೆ ಬಹುಮಟ್ಟಿಗೆ ಫೋಲಿಕ್ ಆಮ್ಲವನ್ನೇ ಹೋಲುತ್ತದೆ. ಜೀವಕೋಶದಲ್ಲಿ ಫೋಲಿಕ್ ಆಮ್ಲವನ್ನು ಬಳಕೆಗೆ ಸಿದ್ಧಗೊಳಿಸುವ ಕಿಣ್ವವು ಈ ಹೋಲಿಕೆಯಿಂದ ಮೋಸಹೋಗಿ ಅದನ್ನು ಹಿಡಿದುಕೊಳ್ಳುತ್ತದೆ. ಬೀಗದೊಳಗೆ ಹೊಕ್ಕು ತಿರುಗದೆ ಸಿಕ್ಕಿಕೊಂಡ ಹುಸಿ ಕೀಲಿಕೈಯಂತೆ ಅದು ಕಿಣ್ವದಲ್ಲಿಯೇ ಕುಳಿತುಬಿಡುತ್ತದೆ. ಆಗ ಹೊಸ ಜೀವಕೋಶಗಳ ನಿರ್ಮಾಣ ನಿಂತುಹೋಗುತ್ತದೆ. 1948ರಲ್ಲಿ ಫಾರ್ಬರ್ ಮತ್ತು ಅವರ ಸಂಗಡಿಗರು ತಮ್ಮ ಪ್ರಯೋಗದ ಫಲವನ್ನು ಪ್ರಕಟಿಸಿದರು. ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಂದಿಗೆ ರೋಗ ಹಿಮ್ಮೆಟ್ಟಿತ್ತು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಆಡತೊಡಗಿದ್ದರು. ಈ ಚೇತರಿಕೆ ತಾತ್ಕಾಲಿಕವಾಗಿತ್ತು. ರೋಗ ಮರಳಿ ಬಂದಿತು. ಆದರೂ ಔಷಧಿಯಿಂದ ಈ ರೋಗವನ್ನು ತಡೆಯಬಹುದೆಂಬುದು ಲೋಕಕ್ಕೆ ಮೊದಲ ಬಾರಿಗೆ ಸ್ಪಷ್ಟವಾಯಿತು.

ಆನೆಕಾಲು ರೋಗಕ್ಕೆ ಹೆಟ್ರಜಾನ್ ಎಂಬ ಮದ್ದೂ ಸುಬ್ಬರಾಯರ ನೇತೃತ್ವದಲ್ಲಿಯೇ ಹೊರಬಂದಿತು. ಆ ರೋಗದ ಸಂಕಟವನ್ನು ಕಂಡಿದ್ದ ನಮ್ಮ ಕರಾವಳಿಯ ಜನರಿಗೂ ಅದರ ಪ್ರಯೋಜನ ದೊರೆಯಿತು. ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ ಅವರ ವಿಭಾಗದಲ್ಲಿದ್ದುಕೊಂಡು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೊಮೈಸಿನ್ ಎಂಬ ಪ್ರಸಿದ್ಧ ಔಷಧಿಯನ್ನು ಪಡೆದರು. 1948ರಲ್ಲಿ ಅದು ಲೋಕಕ್ಕೆ ಪ್ರಕಟವಾದಾಗಲೂ ಸುಬ್ಬರಾಯರು ಸಭೆಯ ಮುಂದೆ ಬಂದು ನಿಲ್ಲಲಿಲ್ಲ.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಒಂದು ರಾತ್ರಿ ಮಲಗಿದ ಸುಬ್ಬರಾಯರು ಮತ್ತೆ ಏಳಲಿಲ್ಲ. ನಿದ್ರೆಯಲ್ಲಿಯೇ ಹೃದಯ ನಿಂತುಹೋಗಿತ್ತು. ಆಗ ಅವರಿಗೆ 53 ವರ್ಷ. ಭಾರತ ಸ್ವತಂತ್ರವಾಗಿ ಒಂದು ವರ್ಷ ತುಂಬುವುದರಲ್ಲಿತ್ತು. ಕಾಲು ಶತಮಾನ ಅಮೆರಿಕದಲ್ಲಿ ಬಾಳಿದ್ದರೂ ಅವರು ಆ ದೇಶದ ಪೌರತ್ವವನ್ನು ಪಡೆದಿರಲಿಲ್ಲ. ನೊಬೆಲ್ ಪಾರಿತೋಷಕವಾಗಲಿ, ಇತರ ದೊಡ್ಡ ಪ್ರಶಸ್ತಿಗಳಾಗಲಿ ಅವರನ್ನು ಅರಸಿ ಬರಲಿಲ್ಲ. ಅವರ ಗೌರವಾರ್ಥವಾಗಿ ಒಂದು ಶಿಲೀಂಧ್ರ ಕುಲಕ್ಕೆ ಸುಬ್ಬರೋಮೈಸಿಸ್ ಎಂಬ ಹೆಸರನ್ನಿಡಲಾಯಿತು. ಜನ್ಮಶತಾಬ್ದಿಯ ವರ್ಷವಾದ 1995ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿತು.

ಸುಬ್ಬರಾಯರು ತೀರಿಹೋದರೂ ಅವರು ಬಿತ್ತಿದ ಬೀಜಗಳು ಬೆಳೆಯುತ್ತಲೇ ಇದ್ದವು. ಅಮೈನಾಪ್ಟೆರಿನ್ನಿನ ಸೋದರ ಔಷಧಿಯಾದ ಮೆಥೊಟ್ರೆಕ್ಸೇಟ್ ಹೆಚ್ಚು ಸುರಕ್ಷಿತವೆಂದು ಕಂಡುಬಂದಿತು. ಗರ್ಭಕೋಶಕ್ಕೆ ಸಂಬಂಧಿಸಿದ ಒಂದು ಬಗೆಯ ಕ್ಯಾನ್ಸರು 1956ರಲ್ಲಿ ಅದೊಂದರಿಂದಲೇ ಗುಣವಾಯಿತು. ಬೇರೆ ಔಷಧಿಗಳೊಡನೆ ಸೇರಿಸಿ ಕೊಡುವ ಕ್ರಮ ಬಂದ ಮೇಲೆ ರಕ್ತದ ಕ್ಯಾನ್ಸರು ತಗಲಿದ ಮಕ್ಕಳಲ್ಲಿ ಬಹುಮಂದಿ ಬದುಕುವಂತಾಯಿತು.

ಅವರು ಕಂಡ ಎ.ಟಿ.ಪಿ.ಯ ಇನ್ನೊಂದು ಮುಖವೂ ಬೆಳಕಿಗೆ ಬಂದಿತು. ಜೀವಕೋಶದೊಳಗೆ ಕೈನೇಸ್ ಎಂಬ ಜಾತಿಯ ಕಿಣ್ವಗಳಿವೆ. ಅವು ಎ.ಟಿ.ಪಿ.ಯ ತುದಿಯ ಫಾಸ್ಫೇಟನ್ನು ಕಳಚಿ ಮತ್ತೊಂದು ಪ್ರೋಟೀನಿಗೆ ಅಂಟಿಸುತ್ತವೆ. ಆ ಮುದ್ರೆ ಬಿದ್ದೊಡನೆ ಪ್ರೋಟೀನು ಎಚ್ಚೆತ್ತು ಸಂಕೇತವನ್ನು ಮುಂದಕ್ಕೆ ದಾಟಿಸುತ್ತದೆ. ಫಾಸ್ಫಟೇಸ್ ಎಂಬ ಇನ್ನೊಂದು ಜಾತಿಯ ಕಿಣ್ವಗಳು ಆ ಮುದ್ರೆಯನ್ನು ಕಿತ್ತುಹಾಕುತ್ತವೆ, ಸಂಕೇತ ನಿಲ್ಲುತ್ತದೆ. ಕಾಪುವಿನ ದೀಪದಂತೆ ಬೆಳಕೂ ಕತ್ತಲೆಯೂ ಕ್ರಮವಾಗಿ ನಡೆಯುವುದು ಹೀಗೆ. ಈ ಮರ್ಮವನ್ನು ಬಯಲು ಮಾಡಿದ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ ಅವರಿಗೆ 1992ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನ ದೇಹದಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಕೈನೇಸುಗಳಿವೆಯೆಂದು ಈಗ ತಿಳಿದುಬಂದಿದೆ.

ಕೈನೇಸನ್ನು ರೂಪಿಸುವ ವಂಶವಾಹಿ ಕೆಟ್ಟರೆ ಆ ಕಿಣ್ವವು ಆರದ ದೀಪದಂತೆ ಹಗಲಿರುಳೂ ಸಂಕೇತ ಕೊಡುತ್ತಲೇ ಇರುತ್ತದೆ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿ ಇಂತಹ ಕೆಟ್ಟ ಕೈನೇಸು ಹುಟ್ಟುತ್ತದೆ. ಅದಕ್ಕೆ ಇಮ್ಯಾಟಿನಿಬ್ ಎಂಬ ಔಷಧಿಯು 2001ರಲ್ಲಿ ಬಳಕೆಗೆ ಬಂದಿತು. ಕೈನೇಸಿನಲ್ಲಿ ಎ.ಟಿ.ಪಿ. ಕುಳಿತುಕೊಳ್ಳುವ ಸ್ಥಳವನ್ನು ಈ ಔಷಧಿ ತಾನೇ ಆಕ್ರಮಿಸಿಕೊಂಡು ಸಂಕೇತವನ್ನು ನಿಲ್ಲಿಸುತ್ತದೆ. ಅಮೈನಾಪ್ಟೆರಿನ್ ಫೋಲಿಕ್ ಆಮ್ಲದ ಸ್ಥಳವನ್ನು ಹಿಡಿದ ಹಾಗೆ ಇಮ್ಯಾಟಿನಿಬ್ ಎ.ಟಿ.ಪಿ.ಯ ಸ್ಥಳವನ್ನು ಹಿಡಿಯಿತು. ಸುಬ್ಬರಾಯರ ಬಾಳಿನ ಎರಡು ಪ್ರತ್ಯೇಕ ಸಂಶೋಧನೆಗಳು ಅರ್ಧಶತಮಾನದ ಮೇಲೆ ಹೀಗೆ ಒಂದೇ ದಾರಿಯಲ್ಲಿ ಬಂದು ಕೂಡಿದವು.

ವಂಶವಾಹಿಗಳು ಕೆಡಲು ಕಾರಣಗಳು ಹಲವು. ಅವುಗಳಲ್ಲಿ ಕೆಲವನ್ನು ಮನುಷ್ಯನು ತಾನಾಗಿಯೇ ಬರಮಾಡಿಕೊಳ್ಳುತ್ತಾನೆ. ತಂಬಾಕಿನ ವಿಷ ಅಂತಹುದು. ಕಾರ್ಕಳದ ತೋಟಗಳಲ್ಲಿ ಬೆಳೆಯುವ ಅಡಿಕೆಯು ರೈತರ ಮನೆಯ ಆಧಾರವೂ ಹೌದು, ಶುಭಕಾರ್ಯಗಳ ಮಂಗಳದ್ರವ್ಯವೂ ಹೌದು. ಆದರೆ ಅದನ್ನು ದಿನವೂ ಜಗಿಯುವ ಚಟವು ತಂಬಾಕಿಲ್ಲದೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರ ವರದಿಯಲ್ಲಿ ಎಚ್ಚರಿಸಿದೆ. ಬಂದ ರೋಗಕ್ಕೆ ಮದ್ದು ಹುಡುಕಲು ಒಬ್ಬರು ಇಡೀ ಬಾಳನ್ನು ತೇಯ್ದಿರುವಾಗ, ಬಾರದಂತೆ ತಡೆಯಬಹುದಾದುದನ್ನು ತಡೆಯುವುದು ಉಳಿದವರ ಹೊಣೆ.

ಸುಬ್ಬರಾಯರು ತೀರಿಕೊಂಡ ಐದು ವರ್ಷಗಳ ಮೇಲೆ, 1953ರಲ್ಲಿ, ಟಿ. ಎಂ. ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಒಂದೇ ಕಾಲೇಜಿನಲ್ಲಿ ಓದಿದ ಇಬ್ಬರಲ್ಲಿ ಒಬ್ಬರು ಊರಿನಲ್ಲಿಯೇ ನಿಂತು ಆಸ್ಪತ್ರೆಯನ್ನು ಬೆಳೆಸಿದರು. ಇನ್ನೊಬ್ಬರು ಕಡಲಾಚೆ ಹೋಗಿ ಆಸ್ಪತ್ರೆಗೆ ಬೇಕಾದ ಮದ್ದನ್ನು ಹುಡುಕಿದರು. ಇಂದು ಕಾಪುವಿನಿಂದಲೂ ಕಾರ್ಕಳದಿಂದಲೂ ರೋಗಪೀಡಿತ ಮಕ್ಕಳನ್ನು ಎತ್ತಿಕೊಂಡು ತಂದೆತಾಯಿಗಳು ಮಣಿಪಾಲಕ್ಕೆ ಬರುತ್ತಾರೆ. ಅಲ್ಲಿ ಕೊಡುವ ಮದ್ದಿನ ಹಿಂದೆ ಇಬ್ಬರು ಸೋದರರನ್ನು ಕಳೆದುಕೊಂಡ ವೈದ್ಯರೊಬ್ಬರ ದುಃಖವಿದೆಯೆಂಬುದು ಅವರಿಗೆ ತಿಳಿಯದಿರಬಹುದು. ದೀಪಸ್ತಂಭದಲ್ಲಿ ದೀಪ ಹಚ್ಚಿದವರ ಹೆಸರು ದೋಣಿಯಲ್ಲಿರುವವರಿಗೆ ತಿಳಿದಿರುವುದಿಲ್ಲ. ಆದರೆ ಅವರು ದಡ ಸೇರುವುದು ಆ ಬೆಳಕಿನಿಂದಲೇ.